ಮಾರ್ಟಿನ್ ಲೂಥರ್ ಕಿಂಗರ ದಿನ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಜನವರಿ ತಿಂಗಳ ಮೂರನೆಯ ಸೋಮವಾರ ಸರ್ಕಾರಿ ರಜಾದಿನ. ಕಚೇರಿಗಳೂ ಬ್ಯಾಂಕುಗಳೂ ಅಂಚೆಮನೆಗಳೂ ಅಂದು ಬಾಗಿಲು ತೆರೆಯುವುದಿಲ್ಲ. ಬಹುಪಾಲು ಶಾಲೆಗಳಿಗೂ ಬಿಡುವು. ಒಬ್ಬ ವ್ಯಕ್ತಿಯ ಗೌರವಾರ್ಥವಾಗಿ ಇಡೀ ದೇಶಕ್ಕೆ ರಜೆ ಸಾರುವುದು ಆ ರಾಷ್ಟ್ರದಲ್ಲಿ ಬಹಳ ಅಪರೂಪ. ಸ್ವಾತಂತ್ರ್ಯ ಸಮರದ ಸೇನಾನಿ ಜಾರ್ಜ್ ವಾಷಿಂಗ್ಟನ್ನರಿಗೂ ಸಾಗರವನ್ನು ದಾಟಿ ಬಂದ ಕೊಲಂಬಸನಿಗೂ ಆ ಮನ್ನಣೆ ದೊರೆತಿತ್ತು. ಮೂರನೆಯವರು ಮಾರ್ಟಿನ್ ಲೂಥರ್ ಕಿಂಗ್. ಅವರು ಯಾವ ಅಧಿಕಾರಪದವಿಯನ್ನೂ ಏರಿದವರಲ್ಲ. ಒಂದು ಚರ್ಚಿನ ಧರ್ಮೋಪದೇಶಕರು, ಹಲವು ಬಾರಿ ಸೆರೆಮನೆ ಕಂಡವರು. ಅಂಥವರ ಜನ್ಮದಿನ ರಾಷ್ಟ್ರದ ದಿನವಾಗಬೇಕಾದರೆ ಅವರು ತೀರಿಕೊಂಡ ಮೇಲೆ ಹದಿನೈದು ವರ್ಷಗಳ ಇನ್ನೊಂದು ಹೋರಾಟವೇ ನಡೆಯಬೇಕಾಯಿತು.

ಕಿಂಗ್ ಹುಟ್ಟಿದ್ದು 1929ರ ಜನವರಿ 15ರಂದು, ದಕ್ಷಿಣ ಸೀಮೆಯ ಜಾರ್ಜಿಯ ರಾಜ್ಯದ ಅಟ್ಲಾಂಟ ನಗರದಲ್ಲಿ. ತಂದೆ ಎಬನೇಜರ್ ಚರ್ಚಿನ ಧರ್ಮೋಪದೇಶಕರು. ತಾಯಿಯ ತಂದೆಯೂ ಅದೇ ಚರ್ಚಿನಲ್ಲಿ ಅದೇ ಕೆಲಸದಲ್ಲಿದ್ದವರು. ಊಟ ಬಟ್ಟೆಗಳಿಗೆ ಕೊರತೆಯಿಲ್ಲದ, ಓದು ಬರಹಕ್ಕೆ ಬೆಲೆಯಿದ್ದ ಮನೆ. ಆದರೆ ಮನೆಯ ಹೊಸ್ತಿಲು ದಾಟಿದೊಡನೆ ಬೇರೆಯೇ ಲೋಕ. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ರದ್ದಾಗಿತ್ತು. ಆಮೇಲೆ ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಇರಿಸುವ ಕಾಯಿದೆಗಳನ್ನು ಒಂದರ ಮೇಲೊಂದರಂತೆ ಮಾಡಿದವು. ಶಾಲೆ ಬೇರೆ, ಆಸ್ಪತ್ರೆಯ ವಾರ್ಡು ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಮತ ಹಾಕಲು ಹೋದ ಕಪ್ಪು ಮನುಷ್ಯನನ್ನು ಯಾವುದಾದರೂ ನೆಪ ಹೇಳಿ ಹಿಂದಕ್ಕೆ ಕಳುಹಿಸುತ್ತಿದ್ದರು. ಕೆರೆ ಬಾವಿಗಳಲ್ಲೂ ಕೇರಿಗಳಲ್ಲೂ ಅಂಥ ಗೆರೆಗಳನ್ನು ಕಂಡ ನಮ್ಮ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾದ ಅಗತ್ಯವಿಲ್ಲ.

ಬಾಲಕ ಮಾರ್ಟಿನ್‌ಗೆ ಒಬ್ಬ ಬಿಳಿಯ ಗೆಳೆಯನಿದ್ದನು. ಮನೆಯ ಎದುರಿನ ಅಂಗಡಿಯವನ ಮಗ. ಇಬ್ಬರೂ ದಿನವೂ ಕೂಡಿ ಆಡುತ್ತಿದ್ದರು. ಆರನೆಯ ವಯಸ್ಸಿನಲ್ಲಿ ಇಬ್ಬರೂ ಶಾಲೆಗೆ ಸೇರಿದರು, ಬೇರೆ ಬೇರೆ ಶಾಲೆಗಳಿಗೆ. ಅಷ್ಟರಲ್ಲಿಯೇ ಆ ಗೆಳೆಯ, ಇನ್ನು ಮೇಲೆ ಅವನೊಡನೆ ಆಡಕೂಡದೆಂದು ತನ್ನ ತಂದೆ ಹೇಳಿರುವುದಾಗಿ ತಿಳಿಸಿಬಿಟ್ಟನು. ಅಂದು ರಾತ್ರಿ ಊಟದ ಹೊತ್ತಿಗೆ ತಂದೆತಾಯಿಗಳು ಮಗನಿಗೆ ಆವರೆಗೆ ಹೇಳದಿದ್ದ ಸಂಗತಿಗಳನ್ನೆಲ್ಲ ಹೇಳಬೇಕಾಯಿತು. ಮತ್ತೊಂದು ಸಲ ತಂದೆ ಮಗನನ್ನು ಕರೆದುಕೊಂಡು ಪಾದರಕ್ಷೆಯ ಅಂಗಡಿಗೆ ಹೋದರು. ಹಿಂದಿನ ಕುರ್ಚಿಗಳಿಗೆ ಹೋಗಿ ಕುಳಿತರೆ ಮಾತ್ರ ಸರಕು ತೋರಿಸುವುದಾಗಿ ಅಂಗಡಿಯವನು ಹೇಳಿದನು. ತಂದೆ ಏನನ್ನೂ ಕೊಳ್ಳದೆ ಮಗನ ಕೈಹಿಡಿದು ಹೊರಕ್ಕೆ ಬಂದರು.

1944ರಲ್ಲಿ ಮಾರ್ಟಿನ್ ಪ್ರೌಢಶಾಲೆಯ ವಿದ್ಯಾರ್ಥಿ. ಡಬ್ಲಿನ್ ಎಂಬ ಊರಿನಲ್ಲಿ ನಡೆದ ಭಾಷಣ ಸ್ಪರ್ಧೆಗೆ ಅವನು ಅಧ್ಯಾಪಕಿಯೊಬ್ಬರ ಜೊತೆಯಲ್ಲಿ ಹೋದನು. ಅವನು ಆರಿಸಿಕೊಂಡ ವಿಷಯ ದೇಶದ ಸಂವಿಧಾನ ಮತ್ತು ಕಪ್ಪು ಜನರ ಹಕ್ಕು. ಸ್ಪರ್ಧೆ ಮುಗಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಅಟ್ಲಾಂಟಕ್ಕೆ ಹಿಂದಿರುಗುವಾಗ ದಾರಿಯಲ್ಲಿ ಕೆಲವರು ಬಿಳಿಯ ಪ್ರಯಾಣಿಕರು ಹತ್ತಿದರು. ಚಾಲಕನು ಅಧ್ಯಾಪಕಿಯನ್ನೂ ಹುಡುಗನನ್ನೂ ಎದ್ದು ಜಾಗ ಬಿಡಲು ಗದರಿಸಿದನು. ಹುಡುಗನಿಗೆ ಏಳುವ ಮನಸ್ಸಿರಲಿಲ್ಲ. ಕಾನೂನನ್ನು ಮೀರಿದರೆ ಒದಗಬಹುದಾದ ಅಪಾಯವನ್ನು ಬಲ್ಲ ಅಧ್ಯಾಪಕಿ ಅವನನ್ನು ಒತ್ತಾಯಿಸಿ ಎಬ್ಬಿಸಿದರು. ಸುಮಾರು 90 ಮೈಲಿಯ ಹಾದಿಯನ್ನು ಇಬ್ಬರೂ ನಿಂತೇ ಕಳೆದರು. ಹಗಲು ವೇದಿಕೆಯ ಮೇಲೆ ಸಂವಿಧಾನದ ಘನತೆಯನ್ನು ಬಣ್ಣಿಸಿದ ಹುಡುಗನಿಗೆ ಇರುಳು ಕುಳಿತುಕೊಳ್ಳಲು ಜಾಗವಿರಲಿಲ್ಲ. ತನ್ನ ಜೀವನದಲ್ಲಿ ಅಷ್ಟು ಕೋಪ ಬಂದದ್ದು ಇನ್ನೆಂದೂ ಇಲ್ಲವೆಂದು ಕಿಂಗ್ ಮುಂದೆ ಹೇಳಿಕೊಂಡಿದ್ದಾರೆ. ಅಹಿಂಸೆಯ ಹಾದಿ ಹಿಡಿದವರು ಕೋಪವನ್ನೇ ಅರಿಯದವರೆಂದು ಭಾವಿಸುವುದು ತಪ್ಪು.

ಹದಿನೈದನೆಯ ವಯಸ್ಸಿಗೇ ಕಿಂಗ್ ಅಟ್ಲಾಂಟದ ಮೋರ್‌ಹೌಸ್ ಕಾಲೇಜನ್ನು ಸೇರಿದರು. 1948ರಲ್ಲಿ ಪದವಿ, ಅನಂತರ ಪೆನ್ಸಿಲ್ವೇನಿಯದ ಕ್ರೋಜರ್ ವಿದ್ಯಾಲಯದಲ್ಲಿ ಧರ್ಮಶಾಸ್ತ್ರದ ವ್ಯಾಸಂಗ, 1955ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಡಾಕ್ಟರೇಟು. ಬಾಸ್ಟನ್ನಿನಲ್ಲಿಯೇ ಸಂಗೀತ ಕಲಿಯುತ್ತಿದ್ದ ಕೊರೆಟಾ ಸ್ಕಾಟ್ ಎಂಬ ತರುಣಿಯ ಪರಿಚಯವಾಗಿ 1953ರಲ್ಲಿ ವಿವಾಹ ನಡೆಯಿತು. ಕ್ರೋಜರಿನಲ್ಲಿದ್ದಾಗ ಫಿಲಡೆಲ್ಫಿಯದಲ್ಲಿ ಗಾಂಧೀಜಿಯವರನ್ನು ಕುರಿತ ಉಪನ್ಯಾಸವೊಂದನ್ನು ಅವರು ಕೇಳಿದರು. ಭಾರತ ಪ್ರವಾಸ ಮುಗಿಸಿ ಬಂದಿದ್ದ ಮಾರ್ಡೆಕಾಯ್ ಜಾನ್ಸನ್ ಎಂಬ ವಿದ್ವಾಂಸರು ಅಂದು ಮಾತನಾಡಿದವರು. ಕಿಂಗ್ ಹೊರಬಂದವರೇ ಗಾಂಧೀಜಿಯವರ ಬಗೆಗಿನ ಪುಸ್ತಕಗಳನ್ನು ಕೊಂಡು ಓದತೊಡಗಿದರು. ಶತ್ರುವನ್ನು ಪ್ರೀತಿಸಬೇಕೆಂಬ ಕ್ರಿಸ್ತವಾಣಿ ಮನುಷ್ಯ ಮನುಷ್ಯರ ನಡುವೆ ನಡೆದೀತೇ ಹೊರತು ಸಮಾಜದ ಕಲಹಗಳಿಗೆ ಒದಗಲಾರದೆಂದು ಆವರೆಗೆ ಅವರು ನಂಬಿದ್ದರು. ದಂಡಿಯಾತ್ರೆಯ ವೃತ್ತಾಂತ ಆ ನಂಬಿಕೆಯನ್ನು ಅಲುಗಿಸಿತು.

1954ರಲ್ಲಿ ಕಿಂಗ್ ಅಲಬಾಮ ರಾಜ್ಯದ ಮಾಂಟ್‌ಗೊಮರಿ ನಗರದ ಚರ್ಚೊಂದರಲ್ಲಿ ಧರ್ಮೋಪದೇಶಕರಾದರು. ಓದಿದ್ದನ್ನು ಆಚರಣೆಗೆ ತರುವ ಕಾಲ ಬಹುಬೇಗ ಬಂದಿತು. 1955ರ ಡಿಸೆಂಬರ್ 1ರ ಸಂಜೆ ಹೊಲಿಗೆ ಕೆಲಸ ಮುಗಿಸಿಕೊಂಡು ಬಸ್ಸು ಹತ್ತಿದ್ದ ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಿಳಿಯನೊಬ್ಬನಿಗೆ ಆಸನ ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾದರು. ಅದೇ ವರ್ಷದ ಮಾರ್ಚಿಯಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ಶಾಲಾಬಾಲಕಿಯೂ ಹೀಗೆಯೇ ಬಂಧಿತಳಾಗಿದ್ದಳು. ಅವಳ ಹೆಸರನ್ನು ಜನ ಬಹುಕಾಲ ಮರೆತೇಬಿಟ್ಟಿದ್ದರು. ಪಾರ್ಕ್ಸ್ ಬಂಧಿತರಾದ ರಾತ್ರಿಯೇ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಬೆಳಗಾಗುವವರೆಗೆ ಕುಳಿತು ಸಾವಿರಾರು ಕರಪತ್ರಗಳನ್ನು ಅಚ್ಚುಮಾಡಿ ಹಂಚಿಸಿದರು. ಸೋಮವಾರ ಯಾರೂ ಬಸ್ಸು ಹತ್ತಕೂಡದೆಂಬುದು ಅದರ ಸಾರ. ಸೋಮವಾರ ಬಸ್ಸುಗಳು ಬರಿದಾಗಿ ಓಡಿದವು. ಬಹಿಷ್ಕಾರವನ್ನು ಮುಂದುವರಿಸಲು ರಚಿತವಾದ ಸಂಘಕ್ಕೆ 26 ವರ್ಷದ ಕಿಂಗ್ ಅಧ್ಯಕ್ಷರಾಗಿ ಆಯ್ಕೆಯಾದರು. ಊರಿಗೆ ಹೊಸಬರಾದ ಅವರಿಗೆ ಹಳೆಯ ಹಗೆಗಳಿರಲಿಲ್ಲ ಎಂಬುದೂ ಆ ಆಯ್ಕೆಗೆ ಒಂದು ಕಾರಣ.

ಒಂದು ದಿನಕ್ಕೆಂದು ತೊಡಗಿದ ಬಹಿಷ್ಕಾರ 381 ದಿನ ನಡೆಯಿತು. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಕಾರುಳ್ಳವರು ಸರದಿಯ ಮೇಲೆ ಜನರನ್ನು ಕೊಂಡೊಯ್ದರು. ಮಳೆಯಿರಲಿ, ಚಳಿಯಿರಲಿ, ಬಸ್ಸುಗಳತ್ತ ಯಾರೂ ತಿರುಗಿ ನೋಡಲಿಲ್ಲ. 1956ರ ಜನವರಿ 30ರ ರಾತ್ರಿ ಕಿಂಗರ ಮನೆಯ ಮೇಲೆ ಬಾಂಬು ಬಿದ್ದಿತು. ಒಳಗೆ ಹೆಂಡತಿಯೂ ಹಸುಳೆ ಮಗಳೂ ಇದ್ದರು. ದೈವವಶಾತ್ ಇಬ್ಬರೂ ಬದುಕಿಕೊಂಡರು. ಸಭೆಯಿಂದ ಓಡಿಬಂದ ಕಿಂಗರಿಗೆ ಮನೆಯ ಮುಂದೆ ಕಂಡದ್ದು ಆಯುಧ ಹಿಡಿದ ಸ್ವಜನರ ಗುಂಪು. ಒಡೆದ ಜಗಲಿಯ ಮೇಲೆ ನಿಂತು ಅವರು ಆ ಗುಂಪನ್ನು ಸಮಾಧಾನಪಡಿಸಿ ಮನೆಗೆ ಕಳುಹಿಸಿದರು. ಅಂದು ಅವರ ಮಾತಿನಲ್ಲಿ ಒಂದಿಷ್ಟು ಬಿಸಿ ಹೆಚ್ಚಾಗಿದ್ದರೆ ಆ ನಗರದಲ್ಲಿ ರಕ್ತದ ಕಾಲುವೆ ಹರಿಯುತ್ತಿತ್ತು. ಆ ವರ್ಷದ ಕೊನೆಗೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಬಸ್ಸಿನೊಳಗಿನ ಭೇದ ಅಳಿಯಿತು.

1959ರ ಫೆಬ್ರುವರಿಯಲ್ಲಿ ಕಿಂಗ್ ದಂಪತಿಗಳು ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ಸಂಚರಿಸಿದರು. ರಾಜಘಾಟದಲ್ಲಿ ಹೂಮಾಲೆಯನ್ನಿರಿಸಿದರು, ಪ್ರಧಾನಿ ನೆಹರೂ ಅವರ ಅತಿಥಿಗಳಾದರು, ಕಲ್ಕತ್ತ, ಮದರಾಸು, ತಿರುವನಂತಪುರ, ಬೆಂಗಳೂರು, ಮುಂಬಯಿಗಳನ್ನು ಕಂಡರು. ಕೇರಳದಲ್ಲಿ ನಡೆದ ಒಂದು ಸಂಗತಿಯನ್ನು ಕಿಂಗ್ ಮುಂದೆ ತಮ್ಮ ಚರ್ಚಿನ ಉಪದೇಶದಲ್ಲಿ ಹೇಳಿದ್ದುಂಟು. ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳು ಓದುತ್ತಿದ್ದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧುವೆಂದು ಮಕ್ಕಳಿಗೆ ಪರಿಚಯ ಮಾಡಿಕೊಟ್ಟರಂತೆ. ಮೊದಲು ಕಿಂಗರಿಗೆ ಆ ಮಾತು ಚುಚ್ಚಿತು. ಆಮೇಲೆ ಕೊಳೆಗೇರಿಗಳಲ್ಲಿ ಬದುಕುವ, ಕೆಲಸವಿಲ್ಲದ, ಒಳ್ಳೆಯ ಶಾಲೆಯಿಲ್ಲದ ತಮ್ಮವರನ್ನು ನೆನೆದು, ಆ ಹೆಸರು ತಮಗೆ ತಕ್ಕುದೇ ಎಂದು ಅವರು ಒಪ್ಪಿಕೊಂಡರು.

1963ರ ವಸಂತದಲ್ಲಿ ಹೋರಾಟ ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಹರಡಿತು. ಕಿಂಗ್ ಸೆರೆಮನೆ ಸೇರಿದರು. ಚಳವಳಿಗೆ ಆತುರ ಸಲ್ಲದೆಂದು ಬುದ್ಧಿ ಹೇಳಿದ ಬಿಳಿಯ ಧರ್ಮಗುರುಗಳಿಗೆ ಅಲ್ಲಿಂದಲೇ ದೀರ್ಘವಾದ ಪತ್ರವೊಂದನ್ನು ಬರೆದರು. ಹೊರಗೆ ಚಳವಳಿ ಸೊರಗುತ್ತಿತ್ತು. ಸೆರೆಗೆ ಹೋದರೆ ಕೆಲಸ ಹೋಗುವುದೆಂದು ದೊಡ್ಡವರು ಹಿಂಜರಿದರು. ಆಗ ಮುಂದೆ ಬಂದವರು ಶಾಲೆಯ ಮಕ್ಕಳು. ಮಕ್ಕಳನ್ನು ಬೀದಿಗಿಳಿಸುವ ವಿಚಾರದಲ್ಲಿ ಕಿಂಗ್ ಬಹಳ ತೊಳಲಿದರು; ಅವರ ಹಿತೈಷಿಗಳಲ್ಲಿಯೂ ಹಲವರು ಅದನ್ನು ಖಂಡಿಸಿದರು. ಆ ಖಂಡನೆಯಲ್ಲಿ ಹುರುಳಿಲ್ಲವೆಂದು ಇಂದಿಗೂ ಹೇಳಿಬಿಡುವಂತಿಲ್ಲ. ಮೇ ತಿಂಗಳ ಮೊದಲ ವಾರ ಸಾವಿರಕ್ಕೂ ಹೆಚ್ಚು ಮಕ್ಕಳು ಹಾಡುತ್ತ ಹಾಡುತ್ತ ಸೆರೆಗೆ ನಡೆದರು. ಪೊಲೀಸರು ಅವರ ಮೇಲೆ ನಾಯಿಗಳನ್ನು ಛೂ ಬಿಟ್ಟರು. ಬೆಂಕಿ ಆರಿಸುವ ಕೊಳಾಯಿಗಳಿಂದ ನೀರಿನ ಹೊಡೆತ ಕೊಟ್ಟು ಕೆಡವಿದರು. ಪತ್ರಿಕೆಗಳಲ್ಲಿ ಆ ಚಿತ್ರಗಳನ್ನು ಕಂಡ ಜಗತ್ತು ಬೆಚ್ಚಿಬಿದ್ದಿತು. ಅದೇ ವರ್ಷ ಆಗಸ್ಟ್ 28ರಂದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸುಮಾರು 2,50,000 ಜನ ನೆರೆದರು. ಲಿಂಕನ್ ಸ್ಮಾರಕದ ಮೆಟ್ಟಿಲುಗಳಲ್ಲಿ ನಿಂತು ಕಿಂಗ್ ತಾವು ಕಂಡ ಕನಸನ್ನು ಅಂದು ಜನರ ಮುಂದೆ ತೆರೆದಿಟ್ಟರು. ಹದಿನೆಂಟು ದಿನಗಳೊಳಗೆ ಬರ್ಮಿಂಗ್‌ಹ್ಯಾಮಿನ ಚರ್ಚೊಂದರಲ್ಲಿ ಬಾಂಬು ಸಿಡಿದು ನಾಲ್ವರು ಹೆಣ್ಣುಮಕ್ಕಳು ಸತ್ತರು.

1964ರಲ್ಲಿ ಪೌರಹಕ್ಕುಗಳ ಕಾಯಿದೆ ಬಂದಿತು. ಅದೇ ವರ್ಷ ಕಿಂಗರಿಗೆ ಶಾಂತಿಯ ನೊಬೆಲ್ ಪಾರಿತೋಷಕ. ಆಗ ಅವರಿಗೆ 35 ವರ್ಷ. ಪಾರಿತೋಷಕದ ಹಣವನ್ನೆಲ್ಲ ಚಳವಳಿಗೆ ಕೊಟ್ಟರು. ಮರುವರ್ಷ ಸೆಲ್ಮಾದಿಂದ ಮಾಂಟ್‌ಗೊಮರಿಗೆ 54 ಮೈಲಿಯ ಪಾದಯಾತ್ರೆ, ಅದರ ಫಲವಾಗಿ ಮತದಾನದ ಹಕ್ಕಿನ ಕಾಯಿದೆ. ಅನೇಕರು ಹೇಳುವ ಕಿಂಗರ ಕಥೆ ಇಲ್ಲಿಗೆ ಮುಗಿದುಹೋಗುತ್ತದೆ. ಅವರ ಬಾಳಿನ ಕಡೆಯ ಮೂರು ವರ್ಷಗಳು ಕೇಳಲು ಅಷ್ಟು ಹಿತವಲ್ಲ. ಕಾಯಿದೆ ಬದಲಾದರೂ ಬಡತನ ಬದಲಾಗಲಿಲ್ಲವೆಂಬುದನ್ನು ಕಂಡ ಕಿಂಗ್ 1966ರಲ್ಲಿ ಉತ್ತರದ ಷಿಕಾಗೊ ನಗರದ ಕೊಳೆಗೇರಿಯಲ್ಲಿ ಬಾಡಿಗೆಗೆ ಮನೆ ಹಿಡಿದರು. ಅಲ್ಲಿನ ಮೆರವಣಿಗೆಯಲ್ಲಿ ಅವರ ತಲೆಗೆ ಕಲ್ಲೇಟು ಬಿದ್ದಿತು. 1967ರಲ್ಲಿ ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. ಬೆನ್ನು ತಟ್ಟುತ್ತಿದ್ದ ಪತ್ರಿಕೆಗಳು ತಿರುಗಿಬಿದ್ದವು, ರಾಷ್ಟ್ರಾಧ್ಯಕ್ಷರು ದೂರವಾದರು, ಸ್ವಂತ ಬಳಗದವರೇ ಇದು ಬೇಡವಾಗಿತ್ತೆಂದರು. 1966ರಲ್ಲಿ ಗ್ಯಾಲಪ್ ಸಂಸ್ಥೆ ಜನಾಭಿಪ್ರಾಯ ಕೇಳಿದಾಗಲೇ 100ಕ್ಕೆ 63 ಮಂದಿ ಅಮೆರಿಕನ್ನರು ಕಿಂಗರನ್ನು ಮೆಚ್ಚಿರಲಿಲ್ಲ.

1968ರ ಫೆಬ್ರುವರಿ 1ರಂದು ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಮಳೆ ಸುರಿಯುತ್ತಿತ್ತು. ಕಸ ಹೊರುವ ಇಬ್ಬರು ಕಪ್ಪು ಪೌರಕಾರ್ಮಿಕರು ಕಸದ ಲಾರಿಯ ಹಿಂಭಾಗದಲ್ಲಿ ಮಳೆಗೆ ಮರೆಯಾಗಿ ನಿಂತಿದ್ದರು. ಕಸವನ್ನು ಅದುಮುವ ಯಂತ್ರ ಕೆಟ್ಟು ತಾನಾಗಿ ಚಲಿಸಿ ಇಬ್ಬರನ್ನೂ ಅರೆದುಹಾಕಿತು. ಸೋರುವ ಕಸದ ತೊಟ್ಟಿಗಳನ್ನು ತಲೆಯ ಮೇಲೂ ಹೆಗಲ ಮೇಲೂ ಹೊತ್ತು, ದಿನವಿಡೀ ದುಡಿದರೂ ಹೊಟ್ಟೆ ತುಂಬದ ಕೂಲಿ ಪಡೆಯುತ್ತಿದ್ದ ಸುಮಾರು 1,300 ಕಾರ್ಮಿಕರು ಆ ತಿಂಗಳ 12ರಿಂದ ಮುಷ್ಕರ ಹೂಡಿದರು. ತಾವೂ ಮನುಷ್ಯರು ಎಂಬ ಒಂದೇ ಮಾತನ್ನು ಬರೆದ ಫಲಕಗಳನ್ನು ಕೊರಳಿಗೆ ತೂಗುಹಾಕಿಕೊಂಡು ಅವರು ಬೀದಿಗಳಲ್ಲಿ ಸಾಲಾಗಿ ನಡೆದರು. ಕಿಂಗರಿಗೆ ಕರೆ ಬಂದಿತು. ಆಗ ಅವರು ಎಲ್ಲ ಬಣ್ಣದ ಬಡವರನ್ನೂ ರಾಜಧಾನಿಗೆ ಕೊಂಡೊಯ್ಯುವ ದೊಡ್ಡ ಯಾತ್ರೆಯ ಸಿದ್ಧತೆಯಲ್ಲಿದ್ದರು. ಕಸದವರ ಜಗಳದಲ್ಲಿ ಹೊತ್ತು ಕಳೆಯುವುದು ಬೇಡವೆಂದು ಸಂಗಡಿಗರು ತಡೆದರೂ ಕಿಂಗ್ ಹೋದರು. ಮಾರ್ಚ್ 28ರ ಮೆರವಣಿಗೆಯಲ್ಲಿ ಗಲಭೆಯಾಯಿತು. ಅಹಿಂಸೆಗೆ ಕಳಂಕ ಬಂತೆಂದು ಕೊರಗಿದ ಅವರು ಶಾಂತವಾದ ಇನ್ನೊಂದು ಮೆರವಣಿಗೆ ನಡೆಸಲು ಮರಳಿ ಬಂದರು. ಏಪ್ರಿಲ್ 4ರ ಸಂಜೆ ಲೊರೇನ್ ವಸತಿಗೃಹದ ಮಹಡಿಯ ಮೊಗಸಾಲೆಯಲ್ಲಿ ನಿಂತಿದ್ದಾಗ ಎದುರಿನ ಕಟ್ಟಡದಿಂದ ಹಾರಿಬಂದ ಗುಂಡು ಅವರನ್ನು ಬಲಿ ತೆಗೆದುಕೊಂಡಿತು. ಅವರಿಗೆ ವಯಸ್ಸು 39. ಅಟ್ಲಾಂಟದಲ್ಲಿ ಹೇಸರಗತ್ತೆಗಳನ್ನು ಕಟ್ಟಿದ ಬಡ ರೈತನ ಬಂಡಿಯೊಂದರಲ್ಲಿ ಅವರ ಕಳೇಬರವನ್ನು ಕೊಂಡೊಯ್ದರು. ಆ ತಿಂಗಳ 16ರಂದು ಮೆಂಫಿಸ್ ನಗರಾಡಳಿತವು ಕಾರ್ಮಿಕರ ಸಂಘವನ್ನು ಮಾನ್ಯಮಾಡಿ ಕೂಲಿ ಹೆಚ್ಚಿಸಲು ಒಪ್ಪಿತು.

ಕಿಂಗ್ ತೀರಿಕೊಂಡ ನಾಲ್ಕನೆಯ ದಿನವೇ ಜಾನ್ ಕಾನ್ಯರ್ಸ್ ಎಂಬ ಪ್ರತಿನಿಧಿ ಅವರ ಜನ್ಮದಿನವನ್ನು ರಾಷ್ಟ್ರದ ರಜಾದಿನವೆಂದು ಸಾರುವ ಮಸೂದೆಯನ್ನು ಮಂಡಿಸಿದರು. ಅದು ಮೂಲೆಗೆ ಬಿತ್ತು. ಅವರು ಬೇಸರಿಸದೆ ಅದನ್ನು ಮತ್ತೆ ಮತ್ತೆ ತಂದರು. 1979ರಲ್ಲಿ ಪ್ರತಿನಿಧಿ ಸಭೆಯಲ್ಲಿ ಐದೇ ಮತಗಳ ಕೊರತೆಯಿಂದ ಮಸೂದೆ ಬಿದ್ದುಹೋಯಿತು. ಒಂದು ದಿನದ ಬಿಡುವಿನಿಂದ ಬೊಕ್ಕಸಕ್ಕೆ ನಷ್ಟವೆಂದು ಕೆಲವರು ಲೆಕ್ಕ ಹಾಕಿದರು. ಅಧಿಕಾರದಲ್ಲಿರದಿದ್ದ ವ್ಯಕ್ತಿಗೆ ಇಷ್ಟು ಗೌರವವೇಕೆಂದರು ಕೆಲವರು. ಮತ್ತೆ ಕೆಲವರು ಅವರನ್ನು ದೇಶದ್ರೋಹಿಗಳ ಸಂಗಾತಿಯೆಂದೇ ದೂರಿದರು. ಅತ್ತ ಕೊರೆಟಾ ಕಿಂಗ್ ಊರೂರು ತಿರುಗಿ ಸಹಿ ಕೂಡಿಸಿದರು. ಅಂಧ ಗಾಯಕ ಸ್ಟೀವಿ ವಂಡರ್ ಹುಟ್ಟುಹಬ್ಬದ ಶುಭಾಶಯದ ಹಾಡೊಂದನ್ನು ಕಟ್ಟಿ ಹಾಡಿದರು. ಅದು ಮನೆಮನೆಯ ಹಾಡಾಯಿತು. ಕೂಡಿದ ಸಹಿಗಳು 60 ಲಕ್ಷ. 1983ರಲ್ಲಿ ಎರಡು ಸದನಗಳೂ ಮಸೂದೆಯನ್ನು ಅಂಗೀಕರಿಸಿದವು. ಮೊದಲು ಹಿಂದೆಗೆದಿದ್ದ ಅಧ್ಯಕ್ಷ ರೇಗನ್ ನವೆಂಬರ್ 2ರಂದು ಅದಕ್ಕೆ ಸಹಿ ಹಾಕಿದರು. 1986ರ ಜನವರಿ 20ರಂದು ಮೊದಲ ಆಚರಣೆ ನಡೆಯಿತು.

ಆದರೂ ಎಲ್ಲ ರಾಜ್ಯಗಳೂ ಕೂಡಲೇ ಒಪ್ಪಲಿಲ್ಲ. ಅರಿಜೋನದ ಮತದಾರರು 1990ರಲ್ಲಿ ಈ ರಜೆಯನ್ನು ತಿರಸ್ಕರಿಸಿದರು. ಅಲ್ಲಿ ನಡೆಯಬೇಕಾಗಿದ್ದ 1993ರ ಫುಟ್‌ಬಾಲಿನ ಮಹಾಪಂದ್ಯವನ್ನು ಅದರ ವ್ಯವಸ್ಥಾಪಕರು ಬೇರೆ ರಾಜ್ಯಕ್ಕೆ ಕೊಂಡೊಯ್ದರು. ಧರ್ಮದ ಮಾತು ಕೇಳದವರಿಗೆ ವ್ಯಾಪಾರದ ಮಾತು ಕೇಳಿಸಿತೋ ಏನೋ, 1992ರ ಮತದಾನದಲ್ಲಿ ರಾಜ್ಯ ಒಪ್ಪಿತು. ದಕ್ಷಿಣದ ಕೆಲವು ರಾಜ್ಯಗಳು ಕಿಂಗರ ದಿನವನ್ನೂ, ಗುಲಾಮಗಿರಿಯ ಪಕ್ಷದ ಸೇನಾಪತಿಯಾಗಿದ್ದ ರಾಬರ್ಟ್ ಲೀ ಹುಟ್ಟುಹಬ್ಬವನ್ನೂ ಒಂದೇ ದಿನಕ್ಕೆ ಸೇರಿಸಿದವು. ಆರ್ಕನ್ಸಾ ರಾಜ್ಯ ಅವೆರಡನ್ನು ಬೇರ್ಪಡಿಸಿದ್ದು 2017ರಲ್ಲಿ. ತನ್ನ ನೌಕರರಿಗೆ ಈ ದಿನವನ್ನು ಸಂಬಳಸಹಿತ ರಜೆಯಾಗಿ ಕಡೆಯದಾಗಿ ಒಪ್ಪಿದ್ದು ದಕ್ಷಿಣ ಕ್ಯಾರೊಲಿನ, 2000ದಲ್ಲಿ.

ಈ ದಿನ ಅಟ್ಲಾಂಟದ ಎಬನೇಜರ್ ಚರ್ಚಿನಲ್ಲಿ ಪ್ರಾರ್ಥನೆ, ಗಾಯನ, ಉಪನ್ಯಾಸಗಳು ನಡೆಯುತ್ತವೆ. ಟೆಕ್ಸಸ್ಸಿನ ಸ್ಯಾನ್ ಅಂಟೋನಿಯೊದಂಥ ನಗರಗಳಲ್ಲಿ ಬೀದಿ ತುಂಬಿ ಮೆರವಣಿಗೆ ಹರಿಯುತ್ತದೆ. ಶಾಲೆಯ ಮಕ್ಕಳು ವಾಷಿಂಗ್ಟನ್ನಿನ ಭಾಷಣವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಅಂಗಡಿಗಳು ರಿಯಾಯಿತಿ ದರದ ಮಾರಾಟವನ್ನು ಸಾರುವುದೂ ಉಂಟು; ಮೂರು ದಿನದ ಬಿಡುವು ದೊರೆಯಿತೆಂದು ಹಿಮದ ಬೆಟ್ಟಗಳಿಗೆ ವಿಹಾರ ಹೋಗುವವರೂ ಉಂಟು. ಮಹಾಪುರುಷರ ಜಯಂತಿಗಳಿಗೆ ಎಲ್ಲ ದೇಶಗಳಲ್ಲಿಯೂ ಈ ಗತಿ ಬರುತ್ತದೆ. ಆ ನಿದ್ದೆಯಿಂದ ಈ ದಿನವನ್ನು ಎಬ್ಬಿಸಲು 1994ರಲ್ಲಿ ಇನ್ನೊಂದು ಕಾಯಿದೆ ಬಂದಿತು. ಅದನ್ನು ತಂದವರಲ್ಲಿ ಒಬ್ಬರು ಜಾನ್ ಲೂಯಿಸ್, ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಏಟಿಗೆ ತಲೆ ಒಡೆಸಿಕೊಂಡವರು. ಅಂದಿನಿಂದ ಇದು ರಾಷ್ಟ್ರೀಯ ಸೇವಾದಿನ. ನಮ್ಮ ಶಾಲೆಗಳ ಮಾತಿನಲ್ಲಿ ಹೇಳುವುದಾದರೆ ಶ್ರಮದಾನದ ದಿನ. ಜನ ಹಳೆಯ ಬಟ್ಟೆ ತೊಟ್ಟು ಹೊರಡುತ್ತಾರೆ. ಶಾಲೆಯ ಗೋಡೆಗೆ ಸುಣ್ಣ ಬಣ್ಣ ಬಳಿಯುತ್ತಾರೆ, ಹಸಿದವರಿಗೆ ಅಡುಗೆ ಮಾಡಿ ಬಡಿಸುತ್ತಾರೆ, ರಕ್ತದಾನ ಮಾಡುತ್ತಾರೆ, ಉದ್ಯಾನಗಳ ಕಸ ಹೆಕ್ಕುತ್ತಾರೆ. ಕಸ ಹೊರುವವರ ಪಕ್ಕದಲ್ಲಿ ನಿಂತು ಪ್ರಾಣ ಬಿಟ್ಟವರ ದಿನಕ್ಕೆ ಈ ಕೆಲಸ ಭಾಷಣಕ್ಕಿಂತ ಹೆಚ್ಚು ಹೊಂದುತ್ತದೆ. ಹೆಕ್ಕುವವರಿಗೆ ಆ ಸಂಬಂಧ ತಿಳಿದಿದ್ದರೆ ಇನ್ನೂ ಒಳ್ಳೆಯದು.

ಮೆಂಫಿಸ್ಸಿನ ಲೊರೇನ್ ವಸತಿಗೃಹ 1991ರಿಂದ ಪೌರಹಕ್ಕುಗಳ ವಸ್ತುಸಂಗ್ರಹಾಲಯವಾಗಿದೆ. ಕಿಂಗ್ ಬಿದ್ದ ಮೊಗಸಾಲೆಯ ಕಟಕಟೆಗೆ ಹೂಮಾಲೆ ತೂಗುಹಾಕಿರುತ್ತದೆ. ಒಳಗೆ ಕಸದ ಲಾರಿಯೊಂದನ್ನು ನಿಲ್ಲಿಸಿದ್ದಾರೆ. ಅದರ ಬಳಿ ಫಲಕ ತೊಟ್ಟ ಕಾರ್ಮಿಕರ ಪ್ರತಿಮೆಗಳು ಸಾಲಾಗಿ ನಡೆಯುತ್ತಿರುವಂತೆ ನಿಂತಿವೆ.